ಡೀಬಗ್ಗರ್ ಕೈಪಿಡಿಗೆ ಹೊಸ ಓದುಗ

ಜಿಡಿಬಿ ಡೀಬಗ್ಗರ್‌ನಲ್ಲಿ ಉದ್ದನೆಯ ಔಟ್‌ಪುಟ್ ಬರುವ ಕಮಾಂಡ್ ಕೊಟ್ಟರೆ, ಪರದೆ ತುಂಬುತ್ತಿದ್ದಂತೆ ಅದು ನಿಂತು, ಮುಂದಿನದನ್ನು ತೋರಿಸಲು ರಿಟರ್ನ್ ಕೀಲಿ ಒತ್ತಿ ಎಂದು ಕೇಳುತ್ತದೆ. ಟರ್ಮಿನಲ್ ಎದುರು ಕೂತವರಿಗೆ ಇದೊಂದು ತೊಡಕೇ ಅಲ್ಲ. ಬೆರಳು ತಾನಾಗಿ ಕೀಲಿಯತ್ತ ಹೋಗುತ್ತದೆ. ಅದೇ ಕಮಾಂಡನ್ನು ಎಐ ಏಜೆಂಟೊಂದು ಹುಸಿ ಟರ್ಮಿನಲ್ ಮೂಲಕ ನಡೆಸಿದಾಗ ಏಜೆಂಟ್ ಔಟ್‌ಪುಟ್ ಮುಗಿಯಲೆಂದು ಕಾಯುತ್ತದೆ, ಜಿಡಿಬಿ ಕೀಲಿ ಒತ್ತಲೆಂದು ಕಾಯುತ್ತದೆ, ಕೊನೆಗೆ ಟೈಮ್‌ಔಟ್ ಬಂದು ಎರಡೂ ನಿಲ್ಲುತ್ತವೆ. ಆಮೇಲೆ ಏಜೆಂಟ್ 'ಪ್ರೋಗ್ರಾಂ ಹ್ಯಾಂಗ್ ಆಗಿದೆ' ಎಂಬ ತೀರ್ಮಾನಕ್ಕೆ ಬಂದು, ಇಲ್ಲದ ದೋಷದ ಬೆನ್ನು ಹತ್ತಿದರೆ ಆಶ್ಚರ್ಯವಿಲ್ಲ. ಇದಕ್ಕೆ ಪರಿಹಾರ ಜಿಡಿಬಿಯಲ್ಲೇ ಇದೆ. ಬ್ಯಾಚ್ ಆಯ್ಕೆ ಕೊಟ್ಟರೆ ಪುಟ ಪುಟವಾಗಿ ನಿಲ್ಲುವುದೂ ತಪ್ಪುತ್ತದೆ, 'ಖಚಿತವೇ?' ಎಂಬ ಪ್ರಶ್ನೆಗಳೂ ತಪ್ಪುತ್ತವೆ. ಕೈಪಿಡಿಯಲ್ಲಿ ಇದನ್ನು ಬರೆದೂ ಇದ್ದಾರೆ. ಆದರೆ ಬರೆದಿರುವುದು ಜಿಡಿಬಿಯನ್ನು ಶುರು ಮಾಡುವ ವಿಧಾನಗಳ ಭಾಗದಲ್ಲಿ, ಹತ್ತಾರು ಆಯ್ಕೆಗಳ ಸಾಲಿನಲ್ಲಿ. ಬ್ಯಾಕ್‌ಟ್ರೇಸ್ ತೆಗೆಯುವುದು ಹೇಗೆಂದು ಹುಡುಕುವ ಓದುಗ ಆ ಕಡೆ ಹೋಗುವ ಕಾರಣವೇ ಇಲ್ಲ.

ಡೀಬಗಿಂಗ್ ಸಲಕರಣೆಗಳ ಕೈಪಿಡಿಗಳನ್ನು ಏಜೆಂಟ್‌ಗಳಿಗಾಗಿ ಹೇಗೆ ಬರೆಯಬೇಕು ಎಂಬ ಚರ್ಚೆ ಈಗ ಎದ್ದಿರುವುದು ಇಂಥ ಕಡೆಗಳಲ್ಲಿ. ಮಾಹಿತಿ ಎಲ್ಲೂ ಇಲ್ಲದೆ ಏಜೆಂಟ್ ಎಡವುವ ಸಂದರ್ಭಗಳು ಇವೆ. ಮಾಹಿತಿ ಇದ್ದೂ ಬೇಕಾದ ಜಾಗದಲ್ಲಿ ಇರದೆ ಎಡವುವ ಸಂದರ್ಭಗಳೂ ಇವೆ. ಇವೆರಡರ ಬೇರು ಒಂದೇ ಎಂಬುದು ಈ ಲೇಖನದ ವಾದ. ನಮ್ಮ ಡೀಬಗ್ಗರ್‌ಗಳ ಕೈಪಿಡಿಗಳು ಪರದೆಯ ಎದುರು ಒಬ್ಬ ಮನುಷ್ಯ ಕೂತಿದ್ದಾನೆ ಎಂದು ನಂಬಿ ಬರೆದವು. ಪಾಕ ಹದಕ್ಕೆ ಬಂದಾಗ ಇಳಿಸಿ ಎಂದು ಬರೆದ ಅಡುಗೆ ಪುಸ್ತಕದ ಹಾಗೆ, ಹದ ನೋಡುವ ಕಣ್ಣು ಓದುಗನಿಗೆ ಇದ್ದೇ ಇದೆ ಎಂಬುದು ಅವುಗಳ ಭರವಸೆ. ಆ ಕಣ್ಣು ಮಾಡುತ್ತಿದ್ದ ಕೆಲಸವನ್ನು ಈಗ ಅಕ್ಷರಕ್ಕೆ ಇಳಿಸಬೇಕಾಗಿದೆ. ಏಜೆಂಟ್‌ಗೆಂದು ಬೇರೆಯೇ ಒಂದು ಭಾಷೆಯನ್ನು ಕಟ್ಟಬೇಕಾಗಿಲ್ಲ.

ಈ ಭರವಸೆ ಹುಟ್ಟಿದ್ದು ಸಹಜವಾಗಿಯೇ. ಯುನಿಕ್ಸ್‌ನ ಮೊದಲ ಕೈಪಿಡಿಯನ್ನು ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1971ರ ನವೆಂಬರ್ 3ರ ದಿನಾಂಕದಲ್ಲಿ ಹೊರತಂದರು. ಹೆಸರು, ಬಳಸುವ ರೀತಿ, ವಿವರಣೆ, ಜೊತೆಗೆ ಆ ಕಮಾಂಡಿಗೇ ಇರುವ ಬಗ್‌ಗಳು — ಹೀಗೆ ಒಂದೊಂದು ಕಮಾಂಡಿಗೂ ಅಚ್ಚುಕಟ್ಟಾದ ಪುಟ. ತನ್ನ ಸಲಕರಣೆಯ ದೋಷವನ್ನು ತಾನೇ ಅದರ ಕೈಪಿಡಿಯಲ್ಲಿ ಒಪ್ಪಿಕೊಳ್ಳುವ ಆ ಪ್ರಾಮಾಣಿಕತೆ ಇವತ್ತಿಗೂ ಮಾದರಿಯೇ. ಆದರೆ ಆ ಪುಟಗಳ ಓದುಗ ಪಕ್ಕದ ಕೋಣೆಯಲ್ಲಿದ್ದವನು. ಗೊತ್ತಾಗದಿದ್ದರೆ ಎದ್ದು ಹೋಗಿ ಕೇಳಬಹುದಿತ್ತು. ರಿಚರ್ಡ್ ಸ್ಟಾಲ್ಮನ್ 1986ರಲ್ಲಿ ಜಿಡಿಬಿ ಬರೆದಾಗಲೂ, 1991ರಲ್ಲಿ ಸನ್ ಯಂತ್ರಗಳಿಗಾಗಿ ಎಸ್‌ಟ್ರೇಸ್ ಹುಟ್ಟಿದಾಗಲೂ, 2002ರಲ್ಲಿ ವಾಲ್‌ಗ್ರೈಂಡ್ ಹೊರಬಂದಾಗಲೂ ಓದುಗ ಬದಲಾಗಿರಲಿಲ್ಲ. ಅವನು ನೋಡುತ್ತಾನೆ, ಕಾಯುತ್ತಾನೆ, ಅನುಮಾನ ಬಂದರೆ ನಿಲ್ಲಿಸುತ್ತಾನೆ. ಕೈಪಿಡಿ ಹೇಳದೆ ಬಿಟ್ಟಿದ್ದನ್ನು ಅನುಭವ ತುಂಬಿಕೊಡುತ್ತಿತ್ತು.

ಓದುಗ ಬದಲಾದದ್ದು ಈಚಿನ ಮೂರ್ನಾಲ್ಕು ವರ್ಷಗಳಲ್ಲಿ. 2023ರ ಅಕ್ಟೋಬರ್‌ನಲ್ಲಿ ಬಂದ ಎಸ್‌ಡಬ್ಲ್ಯುಇ-ಬೆಂಚ್ ಎಂಬ ಪರೀಕ್ಷೆ 12 ಪೈಥಾನ್ ಯೋಜನೆಗಳಿಂದ 2,294 ನಿಜವಾದ ದೂರುಗಳನ್ನು ಆರಿಸಿ, ಭಾಷಾ ಮಾದರಿಗಳು ಅವನ್ನು ಸರಿಪಡಿಸಬಲ್ಲವೇ ಎಂದು ಕೇಳಿತು. ಮರುವರ್ಷ ಪ್ರಿನ್ಸ್‌ಟನ್‌ನ ಸಂಶೋಧಕರು ಎಸ್‌ಡಬ್ಲ್ಯುಇ-ಏಜೆಂಟ್ ಎಂಬ ವ್ಯವಸ್ಥೆಯನ್ನು ಮುಂದಿಟ್ಟರು. ನಮ್ಮ ಪ್ರಶ್ನೆಗೆ ಸಿಕ್ಕುವ ಗಟ್ಟಿ ಸಾಕ್ಷ್ಯ ಅದರಲ್ಲಿದೆ. ಪರೀಕ್ಷೆಯ 300 ಪ್ರಶ್ನೆಗಳ ಚಿಕ್ಕ ಆವೃತ್ತಿಯಲ್ಲಿ, ಬರೀ ಲಿನಕ್ಸ್ ಶೆಲ್ ಕೊಟ್ಟಾಗ ಏಜೆಂಟ್ ಶೇ. 11ರಷ್ಟನ್ನು ಬಗೆಹರಿಸಿತು. ಮಾದರಿ ಅದೇ, ಸಲಕರಣೆಗಳನ್ನು ಮಾತ್ರ ಏಜೆಂಟ್‌ಗೆ ಒಗ್ಗುವ ಹಾಗೆ ರೂಪಿಸಿ ಕೊಟ್ಟಾಗ ಅದು ಶೇ. 18ಕ್ಕೆ ಏರಿತು. ಫೈಲನ್ನು 100 ಸಾಲುಗಳ ತುಂಡಾಗಿ ತೋರಿಸುವುದು, ತಪ್ಪು ವ್ಯಾಕರಣದ ತಿದ್ದುಪಡಿಯನ್ನು ಅಲ್ಲೇ ತಡೆಯುವುದು ಇಂಥವೇ ಆ ಬದಲಾವಣೆಗಳು. ಅವುಗಳಲ್ಲಿ ತೀರಾ ಸಣ್ಣದೊಂದಿದೆ: ಕಮಾಂಡ್ ಏನನ್ನೂ ಅಚ್ಚು ಹಾಕದೆ ಮುಗಿದರೆ, 'ನಿಮ್ಮ ಕಮಾಂಡ್ ಯಶಸ್ವಿಯಾಗಿ ನಡೆಯಿತು, ಯಾವ ಔಟ್‌ಪುಟ್ ಇಲ್ಲ' ಎಂಬರ್ಥದ ಸಾಲನ್ನು ವ್ಯವಸ್ಥೆಯೇ ಸೇರಿಸುತ್ತದೆ. ಮೌನವೆಂದರೆ ಯಶಸ್ಸು ಎಂಬುದು ಯುನಿಕ್ಸ್ ಬಳಸುವವರಿಗೆಲ್ಲ ಗೊತ್ತಿರುವ ಸಂಪ್ರದಾಯ. ಅದನ್ನು ಬಾಯಿಬಿಟ್ಟು ಹೇಳುವುದು ಒಳ್ಳೆಯದೆಂದು ಕಂಡುಕೊಳ್ಳಲು ಹೊಸ ಓದುಗ ಬರಬೇಕಾಯಿತು.

ಈ ಸಾಕ್ಷ್ಯವನ್ನು ಇರುವುದಕ್ಕಿಂತ ದೊಡ್ಡದು ಮಾಡಬಾರದು. ಶೇ. 11ರಿಂದ 18ಕ್ಕೆ ಏರಿದ್ದರಲ್ಲಿ ಕೈಪಿಡಿಯ ಪಾಲೆಷ್ಟು, ಸಲಕರಣೆಯ ವಿನ್ಯಾಸದ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. 2025ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಹೊರತಂದ ಡೀಬಗ್-ಜಿಮ್ ಎಂಬ ಪ್ರಯೋಗ ಇನ್ನೊಂದು ಎಚ್ಚರಿಕೆ ಕೊಡುತ್ತದೆ. ಪೈಥಾನ್‌ನ ಪಿಡಿಬಿ ಡೀಬಗ್ಗರನ್ನು ಏಜೆಂಟ್‌ಗಳ ಕೈಗೆ ಕೊಟ್ಟರೂ ಆ 300 ಪ್ರಶ್ನೆಗಳಲ್ಲಿ ಅತ್ಯುತ್ತಮ ಮಾದರಿಯೂ ಅರ್ಧವನ್ನು ದಾಟಲಿಲ್ಲ. ಒಂದು ಹೆಜ್ಜೆ ಇಟ್ಟು, ಕಂಡದ್ದನ್ನು ತೂಗಿ, ಮುಂದಿನ ಹೆಜ್ಜೆ ನಿರ್ಧರಿಸುವ ಡೀಬಗಿಂಗ್ ನಡೆಯ ಉದಾಹರಣೆಗಳು ತರಬೇತಿ ಪಠ್ಯದಲ್ಲಿ ವಿರಳವಾಗಿರುವುದು ಕಾರಣವಿರಬಹುದು ಎಂಬುದು ಸಂಶೋಧಕರ ಊಹೆ. ಇದು ಕೈಪಿಡಿ ಬರೆಯುವವರಿಗೂ ಒಂದು ಸೂಚನೆ. ನಮ್ಮ ಕೈಪಿಡಿಗಳಲ್ಲಿ ಕಮಾಂಡ್‌ಗಳ ಪಟ್ಟಿ ತುಂಬಿದೆ. ಒಂದು ಬಗ್ಗನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ತೋರಿಸುವ, ಮಧ್ಯೆ ದಾರಿ ತಪ್ಪಿದ್ದು ಹೇಗೆ ಗೊತ್ತಾಯಿತು ಎಂದು ಹೇಳುವ ಪುಟಗಳು ಬಲು ಕಡಿಮೆ.

ಹಾಗಾದರೆ ಕೈಪಿಡಿಗೆ ಏನೇನು ಸೇರಬೇಕು? ಮೊದಲನೆಯದು ಫಲಿತಾಂಶದ ಅರ್ಥ. ವಾಲ್‌ಗ್ರೈಂಡ್‌ನ ಮೆಮ್‌ಚೆಕ್ ಒಂದು ಪ್ರೋಗ್ರಾಂನಲ್ಲಿ ಹತ್ತು ಮೆಮೊರಿ ತಪ್ಪುಗಳನ್ನು ಹಿಡಿದರೂ, ಬೇರೇನೂ ಹೇಳದಿದ್ದರೆ, ಹೊರಬರುವಾಗ ಕೊಡುವ ಎಕ್ಸಿಟ್ ಕೋಡ್ ಆ ಪ್ರೋಗ್ರಾಂನದೇ. ಪ್ರೋಗ್ರಾಂ ಸೊನ್ನೆ ಕೊಟ್ಟು ಮುಗಿದಿದ್ದರೆ ವಾಲ್‌ಗ್ರೈಂಡ್ ಕೂಡ ಸೊನ್ನೆಯನ್ನೇ ಕೊಡುತ್ತದೆ. ಮನುಷ್ಯ ಪರದೆಯ ಮೇಲಿನ ದೋಷಗಳ ಸಾಲನ್ನು ನೋಡುತ್ತಾನೆ. ಎಕ್ಸಿಟ್ ಕೋಡ್ ನೋಡಿ ಮುಂದಿನ ಹೆಜ್ಜೆ ಇಡುವ ಏಜೆಂಟ್‌ಗೂ, ಅದಕ್ಕಿಂತ ಮೊದಲೇ ಇದ್ದ ಸಿಐ ಸ್ಕ್ರಿಪ್ಟ್‌ಗಳಿಗೂ ಎಲ್ಲ ಸರಿಯಿದೆ ಎಂದೇ ಕಾಣುತ್ತದೆ. ದೋಷ ಸಿಕ್ಕರೆ ಬೇರೆ ಕೋಡ್ ಕೊಡು ಎಂದು ಹೇಳುವ ಆಯ್ಕೆ ವಾಲ್‌ಗ್ರೈಂಡ್‌ನಲ್ಲಿ ಉಂಟು. ಆದರೆ ಅದು ನೂರು ಆಯ್ಕೆಗಳಲ್ಲಿ ಒಂದಾಗಿರುವುದಕ್ಕೂ, ಮೊದಲ ಉದಾಹರಣೆಯಲ್ಲೇ 'ಎಕ್ಸಿಟ್ ಕೋಡನ್ನು ನಂಬುವುದಾದರೆ ಇದನ್ನು ಸೇರಿಸಿ' ಎಂದು ನಿಲ್ಲುವುದಕ್ಕೂ ಅಜಗಜಾಂತರ. ಜಿಡಿಬಿಯಲ್ಲಿ ಒಂದು ವೇರಿಯಬಲ್‌ನ ಬೆಲೆ ಕೇಳಿದಾಗ 'ಆಪ್ಟಿಮೈಸ್ಡ್ ಔಟ್' ಎಂಬ ಉತ್ತರ ಬರುವುದೂ ಇದೇ ಜಾತಿಯದು. ಬೆಲೆ ಇಲ್ಲ ಎಂದು ಅದರ ಅರ್ಥವಲ್ಲ. ಕಂಪೈಲರ್ ಮಾಡಿದ ಆಪ್ಟಿಮೈಸೇಷನ್‌ನಿಂದಾಗಿ ಈ ಜಾಗದಲ್ಲಿ ಆ ಬೆಲೆ ಡೀಬಗ್ಗರ್‌ಗೆ ಸಿಗುತ್ತಿಲ್ಲ ಎಂದು ಅರ್ಥ. ಈ ಮಾತನ್ನು ಬರೆದು, ಆಪ್ಟಿಮೈಸೇಷನ್ ತೆಗೆದು ಮತ್ತೆ ಬಿಲ್ಡ್ ಮಾಡುವ ದಾರಿಯನ್ನೂ ಪಕ್ಕದಲ್ಲೇ ಕೊಟ್ಟರೆ ಓದುವವರು ಯಾರೇ ಆಗಲಿ ದಾರಿ ತಪ್ಪುವುದಿಲ್ಲ.

ಇದನ್ನು ಚೆನ್ನಾಗಿ ಮಾಡಿದ ಹಳೆಯ ಉದಾಹರಣೆಯೊಂದು ನಮ್ಮ ಕಣ್ಣೆದುರೇ ಇದೆ. ಯಾವ ಕಮಿಟ್‌ನಲ್ಲಿ ಬಗ್ ಹೊಕ್ಕಿತು ಎಂದು ಇತಿಹಾಸವನ್ನು ಅರ್ಧ ಅರ್ಧ ಸೀಳುತ್ತಾ ಹುಡುಕುವ ಗಿಟ್ ಬೈಸೆಕ್ಟ್‌ಗೆ 2007ರಲ್ಲಿ 'ರನ್' ಎಂಬ ಉಪಕಮಾಂಡ್ ಸೇರಿತು. ನೀವು ಕೊಟ್ಟ ಸ್ಕ್ರಿಪ್ಟನ್ನು ಅದು ಪ್ರತಿ ಹೆಜ್ಜೆಯಲ್ಲಿ ನಡೆಸಿ, ಆ ಸ್ಕ್ರಿಪ್ಟ್‌ನ ಎಕ್ಸಿಟ್ ಕೋಡ್ ನೋಡಿ ತೀರ್ಮಾನಿಸುತ್ತದೆ. ಕೈಪಿಡಿ ಈ ಕರಾರನ್ನು ಚುಕ್ಕಿ ತಪ್ಪದಂತೆ ಬರೆದಿದೆ: ಸೊನ್ನೆ ಎಂದರೆ ಕೋಡ್ ಚೆನ್ನಾಗಿದೆ, 1ರಿಂದ 127ರವರೆಗೆ, 125 ಬಿಟ್ಟು, ಕೆಟ್ಟಿದೆ, 125 ಎಂದರೆ ಈ ಕಮಿಟನ್ನು ಪರೀಕ್ಷಿಸಲಾಗದು, ಬಿಟ್ಟು ಮುಂದೆ ಹೋಗು, ಬೇರೆ ಯಾವ ಸಂಖ್ಯೆ ಬಂದರೂ ಹುಡುಕಾಟ ನಿಲ್ಲಿಸು. 125ನ್ನೇ ಏಕೆ ಆರಿಸಿದರು ಎಂಬುದನ್ನೂ ಹೇಳಿದ್ದಾರೆ: 126 ಮತ್ತು 127ನ್ನು ಶೆಲ್‌ಗಳು ಬೇರೆ ತಪ್ಪುಗಳನ್ನು ತಿಳಿಸಲು ಆಗಲೇ ಬಳಸುತ್ತಿವೆ. 'ಚೆನ್ನಾಗಿದೆ', 'ಕೆಟ್ಟಿದೆ' ಎಂಬ ಎರಡರ ಆಚೆಗೆ 'ಹೇಳಲಾಗದು' ಎಂಬ ಮೂರನೆಯ ಉತ್ತರಕ್ಕೂ ಇಲ್ಲಿ ಜಾಗವಿದೆ. ಎಐ ಏಜೆಂಟ್‌ಗಳ ಸುದ್ದಿಯೇ ಇಲ್ಲದ ಕಾಲದ ಬರಹ ಇದು. ಆದರೂ ಇವತ್ತಿನ ಏಜೆಂಟ್‌ಗೆ ಇದಕ್ಕಿಂತ ಅನುಕೂಲವಾದ ಪುಟ ಸಿಗುವುದು ಕಷ್ಟ. ಯಾರೂ ನೋಡುತ್ತಿಲ್ಲದಾಗಲೂ ನಡೆಯಬೇಕಾದ ಕಮಾಂಡ್ ಎಂದು ತಿಳಿದೇ ಅದನ್ನು ಬರೆದಿದ್ದರು ಎಂಬುದೊಂದೇ ಅದರ ಗುಟ್ಟು.

ಎರಡನೆಯದು, ಸಲಕರಣೆ ಬಳಸಿದ್ದರಿಂದ ಆಗುವ ಪರಿಣಾಮ. ನಡೆಯುತ್ತಿರುವ ಪ್ರೊಸೆಸ್‌ಗೆ ಜಿಡಿಬಿಯನ್ನು ಅಟ್ಯಾಚ್ ಮಾಡಿದ ಕೂಡಲೇ ಅದು ಮಾಡುವ ಮೊದಲ ಕೆಲಸ ಆ ಪ್ರೊಸೆಸ್ಸನ್ನು ನಿಲ್ಲಿಸುವುದು. ಏಜೆಂಟ್ ಒಂದು ಕಮಾಂಡಿಗೂ ಇನ್ನೊಂದಕ್ಕೂ ನಡುವೆ ಯೋಚಿಸುವ ಅರ್ಧ ನಿಮಿಷವೂ ಅದು ನಿಂತೇ ಇರುತ್ತದೆ. ಆ ಪ್ರೊಸೆಸ್ ಗ್ರಾಹಕರಿಗೆ ಸೇವೆ ಕೊಡುವ ಸರ್ವರ್ ಆಗಿದ್ದರೆ ಅಷ್ಟು ಹೊತ್ತು ಸೇವೆ ಬಂದ್. ಜಿಡಿಬಿಯಿಂದ ಹೊರಬರುವಾಗಲೂ ವ್ಯತ್ಯಾಸವಿದೆ: ಅಟ್ಯಾಚ್ ಮಾಡಿದ ಪ್ರೊಸೆಸ್ಸನ್ನು ಅದು ಬಿಟ್ಟುಕೊಡುತ್ತದೆ, ತಾನೇ ಶುರು ಮಾಡಿದ್ದನ್ನು ಕೊಂದು ಹೋಗುತ್ತದೆ. ವಾಲ್‌ಗ್ರೈಂಡ್ ಪ್ರೋಗ್ರಾಂನ ವೇಗವನ್ನು 20ರಿಂದ 30 ಪಟ್ಟು ಇಳಿಸಬಹುದು ಎಂದು ಅದರ ಪ್ರಾರಂಭಿಕ ಮಾರ್ಗದರ್ಶಿಯೇ ಹೇಳುತ್ತದೆ. ಹತ್ತು ಸೆಕೆಂಡ್ ಹಿಡಿಯುವ ಟೆಸ್ಟ್ ಐದು ನಿಮಿಷ ಹಿಡಿದರೆ ಅದು ಸಹಜ ಎಂದು ಗೊತ್ತಿಲ್ಲದ ಏಜೆಂಟ್ ಎರಡನೆಯ ನಿಮಿಷಕ್ಕೇ ಅದನ್ನು ಕೊಂದು, ಡೆಡ್‌ಲಾಕ್ ಎಂದು ಷರಾ ಬರೆಯುತ್ತದೆ. ಪ್ರತಿ ಕಮಾಂಡಿನ ಪಕ್ಕದಲ್ಲೂ ಅದು ಏನನ್ನು ನಿಲ್ಲಿಸುತ್ತದೆ, ಏನನ್ನು ಬದಲಿಸುತ್ತದೆ, ಎಷ್ಟು ಹೊತ್ತು ಹಿಡಿಯಬಹುದು, ಹಿಂದಕ್ಕೆ ಬರುವುದು ಹೇಗೆ ಎಂಬ ನಾಲ್ಕು ಮಾತು ಇರಲೇಬೇಕು.

ಮೂರನೆಯದು ಎರರ್ ಸಂದೇಶ. ಏಜೆಂಟ್ ಹೆಚ್ಚಾಗಿ ಓದುವ ಕೈಪಿಡಿ ಇದೇ. ಸೋತ ಕ್ಷಣದಲ್ಲಿ ಕಣ್ಣಿಗೆ ಬೀಳುವ ಪಠ್ಯ ಇದೊಂದೇ. ಲಿನಕ್ಸ್‌ನ ಯಾಮಾ ಎಂಬ ಭದ್ರತಾ ವ್ಯವಸ್ಥೆಯಲ್ಲಿ ಯಾರು ಯಾವ ಪ್ರೊಸೆಸ್‌ಗೆ ಅಟ್ಯಾಚ್ ಆಗಬಹುದು ಎಂಬುದಕ್ಕೆ 0ಯಿಂದ 3ರವರೆಗೆ ನಾಲ್ಕು ಮಟ್ಟಗಳಿವೆ. ಉಬುಂಟುವಿನಲ್ಲಿ ಸಾಮಾನ್ಯವಾಗಿ ಇರುವುದು 1: ಡೀಬಗ್ಗರ್ ತಾನೇ ಹುಟ್ಟಿಸಿದ ಪ್ರೊಸೆಸ್‌ಗಳನ್ನು ಮಾತ್ರ ಹಿಡಿಯಬಹುದು. ಬೇರೆ ಪ್ರೊಸೆಸ್‌ಗೆ ಅಟ್ಯಾಚ್ ಆಗಲು ಹೋದರೆ ಜಿಡಿಬಿ ವಿಫಲವಾಗಿ, ಈ ಸೆಟ್ಟಿಂಗ್ ನೋಡಿ ಅಥವಾ ರೂಟ್ ಆಗಿ ಮತ್ತೆ ಪ್ರಯತ್ನಿಸಿ ಎಂದು ಸಲಹೆ ಕೊಡುತ್ತದೆ. ಅನುಭವಿ ಎಂಜಿನಿಯರ್‌ಗೆ ಇದು ಉಪಕಾರ. ಇದು ನನ್ನ ಯಂತ್ರವೇ, ಇಲ್ಲಿ ಭದ್ರತೆ ಸಡಿಲಿಸುವ ಅಧಿಕಾರ ನನಗಿದೆಯೇ ಎಂದು ಅವರು ಕೇಳಿಕೊಳ್ಳುತ್ತಾರೆ. ಕೆಲಸ ಮುಗಿಸುವ ತರಾತುರಿಯಲ್ಲಿರುವ ಏಜೆಂಟ್‌ಗೆ ಇದೇ ಸಾಲು ಅಪ್ಪಣೆಯಂತೆ ಓದಿಸಿಕೊಂಡೀತು. ಪ್ರೋಗ್ರಾಂ ಅನ್ನು ಜಿಡಿಬಿಯ ಒಳಗಿನಿಂದಲೇ ಶುರು ಮಾಡಿದರೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಕಿಲ್ಲ. ಆ ದಾರಿಯನ್ನು ಮೊದಲು ಹೇಳಿ, ಸೆಟ್ಟಿಂಗ್ ಬದಲಿಸಲು ಯಂತ್ರದ ಹೊಣೆ ಹೊತ್ತವರ ಒಪ್ಪಿಗೆ ಬೇಕು ಎಂದು ಆಮೇಲೆ ಹೇಳಿದ್ದರೆ ಅದೇ ಮಾಹಿತಿ ಬೇರೆ ಫಲ ಕೊಡುತ್ತಿತ್ತು. ರಸ್ಟ್ ಭಾಷೆಯ ಕಂಪೈಲರ್ ಈ ವಿಷಯದಲ್ಲಿ ಬಹಳ ಮುಂದಿದೆ. ಅದರ ಹೆಚ್ಚಿನ ಎರರ್‌ಗಳಿಗೆ ಇ0382 ಎಂಬಂಥ ಸಂಖ್ಯೆಯಿದೆ. 'ಎಕ್ಸ್‌ಪ್ಲೇನ್' ಆಯ್ಕೆಯೊಂದಿಗೆ ಆ ಸಂಖ್ಯೆ ಕೊಟ್ಟರೆ ತಪ್ಪಾದ ಕೋಡ್, ಕಾರಣ, ಸರಿಪಡಿಸುವ ಬಗೆ ಮೂರೂ ಸಿಗುತ್ತವೆ. ಡೀಬಗ್ಗರ್‌ಗಳು ಈ ಶಿಸ್ತನ್ನು ಇನ್ನೂ ಕಲಿಯಬೇಕಾಗಿದೆ.

ಇದಕ್ಕೆಲ್ಲ ಎತ್ತುವ ಮೊದಲ ಆಕ್ಷೇಪ ಸರಳ: ಭಾಷಾ ಮಾದರಿಗಳು ಜಿಡಿಬಿ ಕೈಪಿಡಿಯನ್ನು ತರಬೇತಿಯಲ್ಲೇ ಓದಿ ಅರಗಿಸಿಕೊಂಡಿವೆ, ಮತ್ತೆ ಹೇಳುವುದೇಕೆ? ಅರಗಿಸಿಕೊಂಡಿವೆ ನಿಜ, ಆದರೆ ಎಲ್ಲ ಆವೃತ್ತಿಗಳನ್ನೂ ಒಟ್ಟಿಗೆ. ನಡೆಯುತ್ತಿರುವ ಪೈಥಾನ್ ಪ್ರೊಸೆಸ್‌ಗೆ ಪಿಡಿಬಿಯನ್ನು ಅಟ್ಯಾಚ್ ಮಾಡುವ ಸೌಕರ್ಯ ಬಂದದ್ದು 3.14ರಲ್ಲಿ, ಅದಕ್ಕೆ ಮೊದಲು ಬರೆದ ಪುಟಗಳನ್ನು ಓದಿದರೆ ಅದು ಇಲ್ಲವೆಂದೇ ಅನಿಸುತ್ತದೆ. ಈ ಯಂತ್ರದಲ್ಲಿ ಯಾವ ಆವೃತ್ತಿ ಇದೆ, ಈ ಸಂಸ್ಥೆಯೊಳಗೆ ಬರೆದುಕೊಂಡ ಲಾಗ್ ಸಲಕರಣೆ ಹೇಗೆ ವರ್ತಿಸುತ್ತದೆ, ಡೀಬಗ್ ಸಿಂಬಲ್‌ಗಳು ಎಲ್ಲಿವೆ ಎಂಬುದು ಯಾವ ತರಬೇತಿಯಲ್ಲೂ ಸಿಗದು. ಮಾದರಿ ಎಷ್ಟೇ ಜಾಣವಾದರೂ, ಬರೆಯದೆ ಇರುವ ಸ್ಥಳೀಯ ಸಂಗತಿಯನ್ನು ಅದು ತರ್ಕದಿಂದ ಪಡೆಯಲಾರದು. ಹೆಚ್ಚು ಜಾಣವಾದಷ್ಟೂ ಊಹೆ ಹೆಚ್ಚು ನಂಬುವಂತೆ ಇರುತ್ತದೆ, ಅಪಾಯ ಇರುವುದೇ ಅಲ್ಲಿ. ಏಜೆಂಟ್‌ಗಳ ಸೂಚನೆಗಳನ್ನು ಯೋಜನೆಯ ಬುಡದಲ್ಲೇ ಇಡುವ ಏಜೆಂಟ್ಸ್.ಎಂಡಿ ಎಂಬ ಫೈಲಿನ ರೂಢಿ 2025ರಲ್ಲಿ ಹರಡಿದ್ದು ಈ ಕೊರತೆಯನ್ನು ತುಂಬಲಿಕ್ಕೇ.

ಎರಡನೆಯ ಆಕ್ಷೇಪ ತಂತ್ರಜ್ಞರದು. ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಎಂಸಿಪಿ ಎಂಬ ಒಡಂಬಡಿಕೆಯಲ್ಲಿ ಪ್ರತಿ ಸಲಕರಣೆಗೂ ಹೆಸರು, ವಿವರಣೆ, ಯಾವ ಇನ್‌ಪುಟ್ ಯಾವ ರೂಪದಲ್ಲಿರಬೇಕು ಎಂಬ ಸ್ಕೀಮಾ ಇರುತ್ತದೆ. ಓದುವುದಷ್ಟೇ, ಹಾಳುಮಾಡಬಲ್ಲದು ಎಂಬ ಸುಳಿವುಗಳನ್ನೂ ಸೇರಿಸಬಹುದು. ಹೀಗಿರುವಾಗ ಗದ್ಯದ ಕೈಪಿಡಿ ಯಾಕೆ ಎಂಬುದು ಅವರ ಪ್ರಶ್ನೆ. ಸ್ಕೀಮಾ ಹೇಳುವುದು ಆಕಾರವನ್ನು. ಪ್ರೊಸೆಸ್ ಸಂಖ್ಯೆ ಒಂದು ಪೂರ್ಣಾಂಕ ಎಂದು ಅದು ಹೇಳಬಲ್ಲದು. ಫೋರ್ಕ್ ಆದ ಮಕ್ಕಳ ಜಾಡು ಬೇಕಿದ್ದರೆ ಎಸ್‌ಟ್ರೇಸ್‌ಗೆ ಬೇರೆ ಆಯ್ಕೆ ಕೊಡಬೇಕು, ಇಲ್ಲದಿದ್ದರೆ ನಿಜವಾದ ಕೆಲಸ ಮಾಡುವ ಪ್ರೊಸೆಸ್ ಕಣ್ತಪ್ಪುತ್ತದೆ ಎಂದು ಹೇಳಲಾರದು. ಯಾವಾಗ ಎಸ್‌ಟ್ರೇಸ್, ಯಾವಾಗ ಜಿಡಿಬಿ ಎಂಬ ಆಯ್ಕೆಯಂತೂ ಯಾವ ಸ್ಕೀಮಾದಲ್ಲೂ ಇರುವುದಿಲ್ಲ. ಆದರೂ ಈ ಆಕ್ಷೇಪದಲ್ಲಿ ಒಂದು ಸತ್ಯವಿದೆ: ಬರೆದು ಎಚ್ಚರಿಸುವುದಕ್ಕಿಂತ ತಪ್ಪು ಮಾಡಲು ಆಗದಂತೆ ಕಟ್ಟುವುದು ಮೇಲು. ಆಂಥ್ರೊಪಿಕ್‌ನವರ ಏಜೆಂಟ್ ಬೇರೆ ಡೈರೆಕ್ಟರಿಗೆ ಹೋದ ಮೇಲೆ ಸಾಪೇಕ್ಷ ಫೈಲ್ ದಾರಿಗಳನ್ನು ತಪ್ಪು ಮಾಡುತ್ತಿತ್ತು. ಪೂರ್ಣ ದಾರಿಯನ್ನೇ ಕೊಡಬೇಕೆಂದು ಸಲಕರಣೆಯನ್ನು ಬದಲಿಸಿದ ಮೇಲೆ ಆ ತಪ್ಪು ನಿಂತಿತು ಎಂದು ಅವರೇ ಬರೆದಿದ್ದಾರೆ. ಸಲಕರಣೆಯನ್ನು ತಿದ್ದಿ ಹೋಗಲಾಡಿಸಬಹುದಾದ ಎಚ್ಚರಿಕೆಯನ್ನು ಕೈಪಿಡಿಯಲ್ಲಿ ಉಳಿಸಿಕೊಳ್ಳುವುದು ಸೋಮಾರಿತನವೇ ಸರಿ.

ಮೂರನೆಯದು ಉದ್ದದ ಆಕ್ಷೇಪ. ಎಲ್ಲವನ್ನೂ ಬರೆದರೆ ಏಜೆಂಟ್‌ನ ಕಾಂಟೆಕ್ಸ್ಟ್ ತುಂಬಿಹೋಗುತ್ತದೆ, ಖರ್ಚೂ ಏರುತ್ತದೆ. ಉದ್ದನೆಯ ಪಠ್ಯದ ಆದಿಯಲ್ಲಿ ಮತ್ತು ಅಂತ್ಯದಲ್ಲಿ ಇದ್ದದ್ದನ್ನು ಮಾದರಿಗಳು ಚೆನ್ನಾಗಿ ಬಳಸುತ್ತವೆ, ನಡುವೆ ಇದ್ದದ್ದನ್ನು ಕಳೆದುಕೊಳ್ಳುತ್ತವೆ ಎಂದು 2023ರ ಅಧ್ಯಯನವೊಂದು ತೋರಿಸಿತ್ತು. ಈ ಆಕ್ಷೇಪ ಸರಿಯಾದದ್ದೇ. ಆದರೆ ಅದು ಪದರ ಪದರವಾಗಿ ಬರೆಯಲು ಕಾರಣವಾಗಬೇಕೇ ಹೊರತು ಬರೆಯದಿರಲು ಅಲ್ಲ. ಮೇಲಿನ ಪದರದಲ್ಲಿ ಹದಿನೈದು ಇಪ್ಪತ್ತು ಸಾಲು: ಈ ಸಲಕರಣೆ ಯಾವ ಪ್ರಶ್ನೆಗೆ, ಯಾರೂ ಕೀಲಿ ಒತ್ತದೆ ನಡೆಸುವುದು ಹೇಗೆ, ಫಲಿತಾಂಶವನ್ನು ಎಲ್ಲಿ ಓದಬೇಕು, ಯಾವುದು ಅಪಾಯ. ಉಳಿದದ್ದು ಬೇಕೆಂದಾಗ ತೆರೆಯುವ ಪುಟಗಳಲ್ಲಿ. ಜೆರೆಮಿ ಹೋವರ್ಡ್ 2024ರಲ್ಲಿ ಮುಂದಿಟ್ಟ ಎಲ್‌ಎಲ್‌ಎಂಎಸ್.ಟಿಎಕ್ಸ್‌ಟಿ ಎಂಬ ಸಲಹೆಯೂ ಇದೇ ಜಾಡಿನದು: ಜಾಲತಾಣದ ಬುಡದಲ್ಲಿ ಒಂದು ಚಿಕ್ಕ ಸೂಚಿ, ಅಲ್ಲಿಂದ ಸರಳ ಪಠ್ಯದ ಪುಟಗಳಿಗೆ ದಾರಿ.

ಯಂತ್ರಕ್ಕಾಗಿ ಬರೆದರೆ ಮನುಷ್ಯರಿಗೆ ಕೈಪಿಡಿ ಕೆಡುತ್ತದೆ, ಎರಡೆರಡು ಕೈಪಿಡಿಗಳನ್ನು ಸಾಕುವುದು ಯಾರಿಂದಲೂ ಆಗದು ಎಂಬ ಮಾತೂ ಕೇಳಿಬರುತ್ತದೆ. ಎರಡು ಬೇಕಾಗಿಲ್ಲ. ಎಕ್ಸಿಟ್ ಕೋಡ್‌ನ ಅರ್ಥ, ಮೌನದ ಅರ್ಥ, ಅಟ್ಯಾಚ್ ಮಾಡಿದರೆ ಏನಾಗುತ್ತದೆ ಎಂಬ ಮಾಹಿತಿ ಯಾವ ಮನುಷ್ಯನಿಗೆ ಬೇಡ? ಮೊದಲ ಕೆಲಸಕ್ಕೆಂದು ಬೆಂಗಳೂರಿನ ಕಂಪನಿಗೆ ಸೇರಿದ, ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಇಂಗ್ಲಿಷ್ ಕೈಪಿಡಿಯ ವಾಕ್ಯಗಳು ಅರ್ಥವಾಗುತ್ತವೆ. ಎಲ್ಲರಿಗೂ ಗೊತ್ತೆಂದು ಅದು ಹೇಳದೆ ಬಿಟ್ಟದ್ದು ಗೊತ್ತಾಗುವುದಿಲ್ಲ. ಪಕ್ಕದವರನ್ನು ಕೇಳಲು ಸಂಕೋಚಪಡುವ ಹೊಸಬರ ಬವಣೆಗೂ ಕೇಳಲು ಪಕ್ಕದವರೇ ಇಲ್ಲದ ಏಜೆಂಟ್‌ನ ತೊಡಕಿಗೂ ಔಷಧ ಒಂದೇ. ಬಣ್ಣದಲ್ಲಿ ಮಾತ್ರ ವ್ಯತ್ಯಾಸ ತೋರಿಸುವುದು, ಸ್ಕ್ರೀನ್‌ಶಾಟ್‌ನಲ್ಲಿ ಮಾತ್ರ ಔಟ್‌ಪುಟ್ ಕೊಡುವುದು ಇಂಥ ಅಭ್ಯಾಸಗಳನ್ನು ಬಿಟ್ಟರೆ ಪರದೆ ಓದುವ ತಂತ್ರಾಂಶ ಬಳಸುವ ದೃಷ್ಟಿಹೀನ ಎಂಜಿನಿಯರ್‌ಗಳಿಗೂ ಉಪಕಾರವೇ.

ಭದ್ರತೆಯ ವಿಷಯದಲ್ಲಿ ಮಾತ್ರ ಕೈಪಿಡಿಯ ಮೇಲೆ ಹೆಚ್ಚು ಭಾರ ಹಾಕಬಾರದು. 'ಇದನ್ನು ಮಾಡಬೇಡಿ' ಎಂದು ಬರೆದದ್ದು ಬೇಲಿಯಾಗುವುದಿಲ್ಲ. ಡೀಬಗ್ಗರ್ ತೋರಿಸುವ ಮೆಮೊರಿಯಲ್ಲಿ ಪಾಸ್‌ವರ್ಡ್ ಇರಬಹುದು. ಲಾಗ್‌ನಲ್ಲಿ ಹೊರಗಿನವರು ತೂರಿಸಿದ ಸಾಲೊಂದು ಏಜೆಂಟ್‌ಗೆ ಆಜ್ಞೆಯಂತೆ ಕಾಣಬಹುದು. ನಂಬಿಕೆಯಿಲ್ಲದ ಸರ್ವರ್ ಕೊಟ್ಟ ಸಲಕರಣೆಯ ಸುಳಿವುಗಳನ್ನು ನಂಬಬೇಡಿ ಎಂದು ಎಂಸಿಪಿಯ ನಿಯಮಾವಳಿಯೇ ಹೇಳುತ್ತದೆ. ಅನುಮತಿ, ಪ್ರತ್ಯೇಕ ಸ್ಯಾಂಡ್‌ಬಾಕ್ಸ್, ಅಪಾಯದ ಹೆಜ್ಜೆಗೆ ಮನುಷ್ಯರ ಒಪ್ಪಿಗೆ ಇವು ಸಲಕರಣೆಯ ಆಚೆಗೇ ಇರಬೇಕು. ಪ್ರಾಮಾಣಿಕ ಏಜೆಂಟ್ ತಿಳಿಯದೆ ತಪ್ಪು ಮಾಡದಂತೆ ನೋಡಿಕೊಳ್ಳುವುದು ಕೈಪಿಡಿಯ ಕೆಲಸ. ಮೋಸಹೋದ ಏಜೆಂಟನ್ನು ತಡೆಯುವುದು ಅದರ ಕೆಲಸವಲ್ಲ.

ಕೈಪಿಡಿ ಬರೆಯುವವರಿಗೆ ಹಿಂದೆಂದೂ ಇರದಿದ್ದ ಒಂದು ಅನುಕೂಲ ಈಗ ಒದಗಿದೆ: ಬರಹವನ್ನು ಪರೀಕ್ಷಿಸಬಹುದು. ಗೊತ್ತಿರುವ ಒಂದು ಬಗ್ಗನ್ನು ಬೇಕೆಂದೇ ಕೋಡ್‌ನಲ್ಲಿಟ್ಟು, ಕೈಪಿಡಿಯನ್ನಷ್ಟೇ ಕೊಟ್ಟು, ಏಜೆಂಟನ್ನು ಹಲವು ಬಾರಿ ಓಡಿಸಿ ಎಲ್ಲಿ ಎಡವುತ್ತದೆ ಎಂದು ನೋಡಬಹುದು; ಒಂದು ಪ್ಯಾರಾ ಬದಲಿಸಿ ಮತ್ತೆ ನೋಡಬಹುದು. ಎರಡು ಮೂರು ಬೇರೆ ಬೇರೆ ಮಾದರಿಗಳಲ್ಲಿ ಒಂದೇ ಜಾಗದಲ್ಲಿ ತಪ್ಪಾದರೆ ದೋಷ ಬಹುಮಟ್ಟಿಗೆ ಬರಹದ್ದು. ಒಂದರಲ್ಲಿ ಮಾತ್ರ ಆದರೆ ಆ ಮಾದರಿಯ ಚಾಳಿಗೆ ತಕ್ಕಂತೆ ಕೈಪಿಡಿಯನ್ನು ತಿರುಚಲು ಹೋಗಬಾರದು. ಕೋಡ್‌ಗೆ ಟೆಸ್ಟ್ ಇಲ್ಲದೆ ಬಿಡುಗಡೆ ಮಾಡುವುದಿಲ್ಲ ಎನ್ನುವ ತಂಡಗಳು ಈ ಶಿಸ್ತನ್ನು ಕೈಪಿಡಿಗೂ ವಿಸ್ತರಿಸಲು ಈಗ ಯಾವ ಅಡ್ಡಿಯೂ ಇಲ್ಲ. ಸಲಕರಣೆ ಕಟ್ಟುವವರು ತಮ್ಮ ಮುಂದಿನ ಬಿಡುಗಡೆಗೆ ಮುಂಚೆ ಇಷ್ಟನ್ನಾದರೂ ಮಾಡಲಿ: ಹೆಚ್ಚು ಬಳಕೆಯಾಗುವ ಹತ್ತು ಕಮಾಂಡ್‌ಗಳನ್ನು ಆರಿಸಿ, ಯಾರೂ ನೋಡದಿರುವಾಗ ಅವು ಹೇಗೆ ನಿಲ್ಲುತ್ತವೆ, ಹೇಗೆ ಸೋಲುತ್ತವೆ, ಏನನ್ನು ಕೆಡಿಸುತ್ತವೆ ಎಂದು ಆಯಾ ಕಮಾಂಡಿನ ಪುಟದಲ್ಲೇ ಬರೆಯಲಿ. ಓದುವುದು ಏಜೆಂಟೇ ಆಗಲಿ ಮೊನ್ನೆ ಸೇರಿದ ಎಂಜಿನಿಯರೇ ಆಗಲಿ, ಆ ಪುಟ ಇಬ್ಬರಿಗೂ ಸಾಕಾಗುತ್ತದೆ.